ಹಳೆಯದೆಂದ ಮಾತ್ರಕ್ಕೆ ತಳ್ಳಬೇಕೆ?

ಅಮೆರಿಕದಲ್ಲಿ ಹಳೆಯ ಕಾರುಗಳ ಓಟದ ಪಂದ್ಯಗಳು ಇಂದಿಗೂ ನಡೆಯುತ್ತವೆ. ಅವುಗಳಿಗಾಗಿ ಷೆವರ್ಲೆಯ ‘ಸ್ಮಾಲ್ ಬ್ಲಾಕ್’ ಎಂಜಿನನ್ನು ಸಜ್ಜುಗೊಳಿಸುವವರ ಮುಂದೆ ಒಂದು ಪ್ರಶ್ನೆ ನಿಂತೇ ಇರುತ್ತದೆ: ಘನ ಟ್ಯಾಪೆಟ್ಟುಗಳಿಗೆಂದು 1960ರ ದಶಕದಲ್ಲಿ ರೂಪಿಸಿದ ಕ್ಯಾಮ್ ದಂಡವನ್ನು ಆರಿಸಬೇಕೆ, ಇಲ್ಲವೆ ಗಣಕಯಂತ್ರದ ನೆರವಿನಿಂದ ತಯಾರಾದ ಇಂದಿನ ದಂಡವನ್ನೆ? ಹಳೆಯದನ್ನು ಬರಿಯ ಮೋಹವೆಂದು ತಳ್ಳಿಹಾಕುವುದು ಭೌತಶಾಸ್ತ್ರಕ್ಕೆ ಒಪ್ಪುವ ಮಾತಲ್ಲ; ಅದರ ಹೆಸರಿಗೆ ಮರುಳಾಗುವುದೂ ಅಷ್ಟೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಕ್ಯಾಮ್ ದಂಡವು ಎಂಜಿನಿನ ಉಸಿರಾಟವನ್ನು ಆಳುತ್ತದೆ. ಅದರ ಉಬ್ಬುಗಳು ಟ್ಯಾಪೆಟ್ಟನ್ನು ಎತ್ತಿದಾಗ ಕವಾಟವು ತೆರೆಯುತ್ತದೆ. ಸ್ಪ್ರಿಂಗು ಅದನ್ನು ಮುಚ್ಚುತ್ತದೆ. 1955ರಲ್ಲಿ 265 ಘನ ಅಂಗುಲ ಗಾತ್ರದೊಡನೆ ಹುಟ್ಟಿದ ಈ ಎಂಜಿನಿಗೆ ಓಟದ ಕ್ಯಾಮುಗಳನ್ನು ರೂಪಿಸಿದವರಲ್ಲಿ ಜೋರಾ ಆರ್ಕಸ್-ಡಂಟೋವ್ ಪ್ರಮುಖರು. 1964ರ 327 ಘನ ಅಂಗುಲದ ಎಂಜಿನಿನಲ್ಲಿ ಬಂದ ‘30-30’ ಎಂಬ ದಂಡವು ಮುಂದೆ ಕಮಾರೋ ಜೀ-28 ಕಾರಿನ 302 ಘನ ಅಂಗುಲದ ಎಂಜಿನಿನಲ್ಲಿಯೂ ನೆಲೆಸಿತು. ಎರಡು ಬಗೆಯ ಕವಾಟಗಳಿಗೂ 0.030 ಅಂಗುಲದ ಟ್ಯಾಪೆಟ್ ಅಂತರವನ್ನು ಬಿಡಬೇಕಾದುದರಿಂದ ಅದಕ್ಕೆ ಆ ಹೆಸರು.

ಈ ಅಂತರವೇಕೆ? ಬಿಸಿಯಾದಾಗ ಲೋಹವು ಹಿಗ್ಗುತ್ತದೆ. ಅಂತರವಿಲ್ಲದಿದ್ದರೆ ಕವಾಟವು ಪೂರ್ತಿ ಮುಚ್ಚದೆ ಸುಟ್ಟುಹೋದೀತು. ಎಣ್ಣೆ ತುಂಬಿದ ಹೈಡ್ರಾಲಿಕ್ ಟ್ಯಾಪೆಟ್ಟು ಅಂತರವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ನಿಜ. ಆದರೆ ಅತಿವೇಗದಲ್ಲಿ ಕವಾಟವು ಕ್ಯಾಮಿನ ಹಿಡಿತ ತಪ್ಪಿದೊಡನೆ ಅದು ಆ ಸಡಿಲವನ್ನೂ ತುಂಬಿಕೊಂಡು ಕವಾಟವನ್ನು ಮುಚ್ಚಗೊಡದೆ ಹಿಡಿದುಬಿಡುತ್ತದೆ. ಘನ ಟ್ಯಾಪೆಟ್ಟಿಗೆ ಆ ದೋಷವಿಲ್ಲ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಟಕಟಕ ಸದ್ದು ಮತ್ತು ಆಗಾಗ್ಗೆ ಫೀಲರ್ ಗೇಜು ಹಿಡಿದು ಅಂತರವನ್ನು ಅಳೆಯುವ ಶ್ರಮ.

ಈಗ ಲೆಕ್ಕವನ್ನು ನೋಡೋಣ. 0.050 ಅಂಗುಲದ ಎತ್ತರದಲ್ಲಿ ಅಳೆದರೆ, 30-30 ದಂಡವು ಕವಾಟವನ್ನು ಕ್ರ್ಯಾಂಕ್ ದಂಡದ 254 ಡಿಗ್ರಿಗಳಷ್ಟು ಕಾಲ ತೆರೆದಿಡುತ್ತದೆ. ನಿಮಿಷಕ್ಕೆ 7,000 ಸುತ್ತಿನ ವೇಗದಲ್ಲಿ ಇದು ಸೆಕೆಂಡಿನ ಸಾವಿರದ ಆರು ಭಾಗ ಮಾತ್ರ! ಒಳನುಗ್ಗುವ ಮಿಶ್ರಣಕ್ಕೆ ಜಡತ್ವವಿರುವುದರಿಂದ, ಪಿಸ್ಟನ್ನು ಮೇಲೇರತೊಡಗಿದ ಮೇಲೂ ಅದು ಸಿಲಿಂಡರಿಗೆ ಸೇರುತ್ತಲೇ ಇರುತ್ತದೆ. ಕವಾಟವನ್ನು ತಡವಾಗಿ ಮುಚ್ಚಿದರೆ ಅತಿವೇಗದಲ್ಲಿ ಲಾಭ. ನಿಧಾನವೇಗದಲ್ಲಿ ಇದೇ ನಷ್ಟವಾಗಿ, ಮಿಶ್ರಣವು ಹಿಂದಕ್ಕೆ ತಳ್ಳಲ್ಪಡುತ್ತದೆ. ಆದುದರಿಂದ ‘ದೊಡ್ಡ ಕ್ಯಾಮ್ ಉತ್ತಮ’ ಎಂಬುದು ಅರ್ಧಸತ್ಯ. ಪಂದ್ಯದ ಹಾದಿಯಲ್ಲಿ ಎಂಜಿನು ಯಾವ ವೇಗಗಳ ನಡುವೆ ಓಡುತ್ತದೆಯೋ ಆ ವ್ಯಾಪ್ತಿಯ ಒಟ್ಟು ಶಕ್ತಿಯನ್ನು ನೋಡಬೇಕೇ ಹೊರತು ಗರಿಷ್ಠ ಅಶ್ವಶಕ್ತಿಯೊಂದನ್ನೇ ಅಲ್ಲ.

ಇಂದಿನ ಕ್ಯಾಮುಗಳು ಕವಾಟವನ್ನು ಹೆಚ್ಚು ರಭಸದಿಂದ ಎತ್ತಿ, ಅಷ್ಟೇ ಅವಧಿಯಲ್ಲಿ ಹೆಚ್ಚು ಗಾಳಿಯನ್ನು ಒಳಬಿಡಬಲ್ಲವು. ನಿಯಮಗಳ ಅಡ್ಡಿಯಿಲ್ಲದ ಪಂದ್ಯಗಳಲ್ಲಿ ಉರುಳೆಯ ಟ್ಯಾಪೆಟ್ಟಿರುವ ಹೊಸ ದಂಡವೇ ಮೇಲೆಂದು ನಾನು ಒಪ್ಪುತ್ತೇನೆ. ಆದರೆ ರಭಸವೆಂದರೆ ವೇಗೋತ್ಕರ್ಷ, ವೇಗೋತ್ಕರ್ಷವೆಂದರೆ ಬಲ. ಒಂದೇ ದಂಡದಲ್ಲಿಯೂ ವೇಗವು 6,000ದಿಂದ 7,200 ಸುತ್ತಿಗೆ ಏರಿದರೆ, ಕವಾಟವನ್ನು ಹತೋಟಿಯಲ್ಲಿಡಲು ಬೇಕಾದ ಬಲವು ವೇಗದ ವರ್ಗಕ್ಕನುಸಾರವಾಗಿ ನೂರಕ್ಕೆ 44ರಷ್ಟು ಹೆಚ್ಚುತ್ತದೆ. ರಭಸದ ಕ್ಯಾಮಿಗೆ ಇನ್ನೂ ಬಿಗಿಯಾದ ಸ್ಪ್ರಿಂಗು ಬೇಕು. ಬಿಗಿಯಾದ ಸ್ಪ್ರಿಂಗಿನಿಂದ ಸವೆತ ಹೆಚ್ಚು. ಹಳೆಯ ಕಾಲದ ಮೂಲ ಭಾಗಗಳನ್ನೇ ಉಳಿಸಿಕೊಂಡ ಎಂಜಿನಿಗೆ, ಆ ಭಾಗಗಳೊಡನೆ ಲೆಕ್ಕ ಹಾಕಿ ರೂಪಿಸಿದ ಸೌಮ್ಯ ಉಬ್ಬಿನ ದಂಡವೇ ಹೊಂದುತ್ತದೆ.

ಆರಿಸಿದ ಮೇಲೆ ಎರಡು ಎಚ್ಚರಿಕೆಗಳು ಅಗತ್ಯ. ನಿಗದಿತ ಅಂತರವನ್ನು ಮನಬಂದಂತೆ ಹೆಚ್ಚಿಸಬಾರದು. ಹೆಚ್ಚಿಸಿದರೆ ಕ್ಯಾಮಿನ ಮೃದು ಇಳಿಜಾರು ತಪ್ಪಿ, ಕವಾಟವು ತನ್ನ ಪೀಠಕ್ಕೆ ಅಪ್ಪಳಿಸುತ್ತದೆ. ಉರುಳೆಯಿಲ್ಲದ ಟ್ಯಾಪೆಟ್ಟು ಉಬ್ಬಿನ ಮೇಲೆ ಉಜ್ಜುವುದರಿಂದ, ಸತು ಮತ್ತು ರಂಜಕದ ಸಂಯುಕ್ತವು ಸಾಕಷ್ಟಿರುವ ಎಣ್ಣೆಯನ್ನೇ ಬಳಸಬೇಕು.

ಯಂತ್ರದ ಒಂದು ಭಾಗವನ್ನು ಉಳಿದವುಗಳಿಂದ ಬೇರ್ಪಡಿಸಿ ‘ಇದು ಉತ್ತಮವೇ?’ ಎಂದು ಕೇಳಿದರೆ ಉತ್ತರ ದೊರೆಯದು. ಯಾವ ಕೆಲಸಕ್ಕೆ, ಯಾವ ವೇಗದಲ್ಲಿ, ಯಾವ ಭಾಗಗಳೊಡನೆ ಎಂದು ಕೇಳುವುದನ್ನು ವಿದ್ಯಾರ್ಥಿಗಳು ಕಲಿಯಬೇಕು. ಹಾಗೆ ಕೇಳಿದವನಿಗೆ ಹಳೆಯದೂ ಹೊಸದೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.