ಬಿಚ್ಚಿ ಜೋಡಿಸುವ ಮೇಜು

ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಈಗಿರುವುದು ನಾಲ್ಕನೇ ಬಾಡಿಗೆ ಮನೆ. 11 ತಿಂಗಳ ಅಗ್ರಿಮೆಂಟಿನ ಬದುಕು ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮನೆ ಬದಲಿಸಿದಾಗಲೆಲ್ಲ ಪಾತ್ರೆ, ಪುಸ್ತಕ ಕ್ಷೇಮವಾಗಿ ಬರುತ್ತವೆ. ಕಂಪ್ಯೂಟರ್ ಟೇಬಲ್ ಮಾತ್ರ ಅರ್ಧ ಜೀವವಾಗಿ ಬರುತ್ತದೆ.

ಮೂರನೇ ಮನೆಯಲ್ಲಿದ್ದಾಗ ನನ್ನದು ಆನ್‌ಲೈನಿನಲ್ಲಿ ತರಿಸಿದ ಐದು ಅಡಿಯ ಪಾರ್ಟಿಕಲ್ ಬೋರ್ಡ್ ಟೇಬಲ್. ಅದರ ಮೇಲೆ ಎರಡು ಮಾನಿಟರ್, ಟವರ್, ಯುಪಿಎಸ್, ಲೇಸರ್ ಪ್ರಿಂಟರ್, ಜೊತೆಗೆ ಪ್ರಯೋಗ ಮಾಡಲೆಂದು ಕೊಂಡ ಹಳೆಯ ಸರ್ವರ್. ಎಲ್ಲ ತೂಗಿ ಕೂಡಿಸಿದರೆ 70 ಕೆಜಿ ದಾಟಿತು. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಮೇಜಿನ ಮೇಲೆ ಕೂತ ಹಾಗೆ! ಹಲಗೆ ನಡುವೆ ಬಾಗಿದ್ದು ಕಾಣುತ್ತಿತ್ತು. ಈ ವಾರ ನೋಡೋಣ, ಮುಂದಿನ ವಾರ ನೋಡೋಣ ಅಂತ ತಳ್ಳಿದೆ.

ಮಳೆಗಾಲದ ಒಂದು ರಾತ್ರಿ ನಾನು ಆಫೀಸಿನ ಕಾಲ್‌ನಲ್ಲಿದ್ದಾಗ ಎಡಗಾಲಿನ ಸ್ಕ್ರೂಗಳು ಕಿತ್ತು ಬಂದವು. ಮಾನಿಟರ್ ಒಂದು ಜಾರಿ ನೆಲಕ್ಕೆ ಬಿತ್ತು. ಐದು ನಿಮಿಷ ಮೊದಲು ಮಗಳು ಅದೇ ಜಾಗದಲ್ಲಿ ಕೂತು ಬಣ್ಣ ಹಚ್ಚುತ್ತಿದ್ದಳು. ಹಾಲು ಕುಡಿಯಲು ಎದ್ದು ಹೋಗಿದ್ದಳು, ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಪುಡಿ, ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ತೇವ ಕುಡಿದರೆ ಉಬ್ಬುತ್ತದೆ. ಭಾರ ಸದಾ ಮೇಲಿದ್ದರೆ ತಿಂಗಳುಗಟ್ಟಲೆ ನಿಧಾನವಾಗಿ ಬಾಗುತ್ತಲೇ ಹೋಗುತ್ತದೆ. ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಮೊದಲಿನಷ್ಟು ಹಿಡಿತ ಕೊಡುವುದಿಲ್ಲ. ನಮ್ಮ ಟೇಬಲನ್ನು ಎರಡು ಸಲ ಬಿಚ್ಚಿ ಜೋಡಿಸಿದ್ದೆವು.

ಹೊಸದನ್ನು ನಾನೇ ಮಾಡುತ್ತೇನೆ ಅಂದೆ. "ನೀನು ಕೋಡ್ ಬರೆಯೋನು, ಗರಗಸ ಹಿಡಿಯೋನಲ್ಲ" ಅಂದಳು ಹೆಂಡತಿ. ಆದರೂ ಶನಿವಾರ ಇಬ್ಬರೂ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿಗೆ ಹೋದೆವು. ಪ್ಲೈವುಡ್ ಕತ್ತರಿಸುವ ಹಿರಿಯರೊಬ್ಬರು ನನ್ನ ಚಿತ್ರ ನೋಡಿ ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಸ್ವಂತ ಮನೆಯೋ, ಬಾಡಿಗೆಯೋ?" ಬಾಡಿಗೆ ಅಂದೆ. "ಹಾಗಾದರೆ ಕಾಲಿಗೆ ಅಂಟೂ ಬೇಡ, ಸ್ಕ್ರೂವೂ ಬೇಡ. ಆರಪಾರ ನಟ್ ಬೋಲ್ಟ್ ಹಾಕಿ. ಬಿಚ್ಚಿಕೊಂಡು ಹೋಗಬಹುದು" ಅಂದರು. ನನ್ನ ಚಿತ್ರದಲ್ಲಿ ಎಲ್ಲ ಲೆಕ್ಕವೂ ಇತ್ತು, ಈ ಒಂದು ಪ್ರಶ್ನೆ ಇರಲಿಲ್ಲ.

ಮಾಡಿದ್ದು ಇಷ್ಟು. 18 ಎಂಎಂ ದಪ್ಪದ, 8×4 ಅಡಿಯ ಒಂದು ಪ್ಲೈವುಡ್ ಹಾಳೆಯಿಂದ 5×2 ಅಡಿಯ ಎರಡು ತುಂಡು. ಎರಡನ್ನೂ ಫೆವಿಕಾಲ್ ಹಚ್ಚಿ ಒಂದರ ಮೇಲೊಂದು ಕೂರಿಸಿ, ಅಂಚಿಗೆ ಕ್ಲಾಂಪ್, ನಡುವೆ ಅಕ್ಕಿ ಮೂಟೆ, ನೀರಿನ ಕ್ಯಾನ್ ಇಟ್ಟು ರಾತ್ರಿಯಿಡೀ ಬಿಟ್ಟೆ. ಅಂಟಿಸದೆ ಸುಮ್ಮನೆ ಪೇರಿಸಿದರೆ ಬಲ ಎರಡು ಪಟ್ಟು ಮಾತ್ರ. ಅಂಟಿ ಒಂದೇ ಹಲಗೆಯಾದರೆ ಬಾಗದೆ ನಿಲ್ಲುವ ಶಕ್ತಿ ಎಂಟು ಪಟ್ಟು, ಏಕೆಂದರೆ ಅದು ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ.

ಕಾಲುಗಳು 3 ಇಂಚು ಚೌಕದ ಮರದವು. ಅವನ್ನು ಎರಡೂ ತುದಿಯಿಂದ ಆರಾರು ಇಂಚು ಒಳಗೆ ತಂದೆ. ಆಸರೆಗಳ ನಡುವಿನ ಅಂತರ ಕಡಿಮೆಯಾದಷ್ಟೂ ಬಾಗುವುದು ಕಡಿಮೆ. ಉಳಿದ ಪ್ಲೈವುಡ್ಡಿನಿಂದ ಹಲಗೆಯ ಕೆಳಗೆ ಸುತ್ತಲೂ ಕಾಲಿಂದ ಕಾಲಿಗೆ ಪಟ್ಟಿ, ನಿಲುವಾಗಿ. ಶಾಲೆಯ ಸ್ಕೇಲನ್ನು ಅಡ್ಡ ಹಿಡಿದರೆ ಬಾಗುತ್ತದೆ, ನಿಲುವಾಗಿ ಹಿಡಿದರೆ ಬಾಗುವುದಿಲ್ಲವಲ್ಲ, ಅದೇ ತತ್ವ. ಹಿಂದಿನ ಪಟ್ಟಿ ಮಾತ್ರ ಒಂದು ಅಡಿ ಅಗಲ. ಮೇಜು ಅಕ್ಕಪಕ್ಕ ಅಲ್ಲಾಡದಂತೆ ತಡೆಯುವುದು ಅದೇ.

ಒಂದು ತಪ್ಪೂ ಆಯಿತು. ಮೊದಲ ಕಾಲಿಗೆ ಎರಡು ಬದಿಯಿಂದಲೂ ಒಂದೇ ಎತ್ತರದಲ್ಲಿ ತೂತು ಕೊರೆದೆ. ಬೋಲ್ಟುಗಳು ಒಳಗೆ ಒಂದಕ್ಕೊಂದು ಡಿಕ್ಕಿ ಹೊಡೆದು ನಿಂತವು. ಉಳಿದ ಮೂರು ಕಾಲಿಗೆ ಮೇಲೆ ಕೆಳಗೆ ಮಾಡಿ ಕೊರೆದೆ. ಒಟ್ಟು 16 ಬೋಲ್ಟು, ಪ್ರತಿಯೊಂದಕ್ಕೂ ಎರಡೂ ಕಡೆ ವಾಷರ್.

ಕಳೆದ ಮೇ ತಿಂಗಳಲ್ಲಿ ಈ ನಾಲ್ಕನೇ ಮನೆಗೆ ಬಂದೆವು. ಬಿಚ್ಚಲು ಬೇಕಾಗಿದ್ದು ಎರಡು ಸ್ಪ್ಯಾನರ್, ಮುಕ್ಕಾಲು ಗಂಟೆ. ಬೋಲ್ಟುಗಳನ್ನು ಎಣಿಸಿ ಸ್ಟೀಲ್ ಡಬ್ಬಿಗೆ ಹಾಕುವ ಕೆಲಸ ಮಗಳದು. ಹೊಸ ಮನೆಯಲ್ಲಿ ಜೋಡಿಸುವಾಗ "ಅಪ್ಪಾ, ಹದಿನೈದೇ ಇದೆ" ಅಂತ ಗಾಬರಿಯಾದಳು. ಹದಿನಾರನೆಯದು ನನ್ನ ಜೇಬಿನಲ್ಲಿತ್ತು. ಈಗ ಮತ್ತೆ ಅದರ ಕೆಳಗೇ ಕೂತು ಬಣ್ಣ ಹಚ್ಚುತ್ತಾಳೆ. ನಾನು ಬೇಡ ಅನ್ನುವುದಿಲ್ಲ.

ನೀವೂ ಇವತ್ತು ಒಂದು ಕೆಲಸ ಮಾಡಿ. ನಿಮ್ಮ ಮೇಜಿನ ಮುಂದಿನ ಅಂಚಿಗೆ ಈ ತುದಿಯಿಂದ ಆ ತುದಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ನಡುವೆ ದಾರಕ್ಕೂ ಹಲಗೆಗೂ ಬೆರಳು ತೂರುವಷ್ಟು ಜಾಗ ಕಂಡರೆ ಮುಂದಿನ ವಾರಕ್ಕೆ ತಳ್ಳಬೇಡಿ. ಮೊದಲು ಭಾರದ ಸಾಮಾನುಗಳನ್ನು ನೆಲಕ್ಕಿಳಿಸಿ, ಆಮೇಲೆ ಪ್ಲೈವುಡ್ ಅಂಗಡಿಗೆ ಹೊರಡಿ.