ಬೀಗ ಜಡಿದ ಕೈಗೇ ಬಾಗಿಲು ತೆರೆದ ಕೀರ್ತಿಯೇ?

ಅಲ್ಬೇನಿಯ ಎಂಬ ಪುಟ್ಟ ದೇಶದ ಹೆಸರು ತಮ್ಮ ಕಿವಿಗೆ ಬಿದ್ದಿರುವುದು ಬಹುಶಃ ಕೋಲ್ಕತ್ತದ ಸಂತ ಮದರ್ ತೆರೇಸಾರವರ ಮೂಲಕ. ಅವರ ಹೆತ್ತ ತಾಯಿ ದ್ರಾನೆ ಮತ್ತು ಅಕ್ಕ ಆಗೆ ಆ ದೇಶದ ರಾಜಧಾನಿ ತಿರಾನಾದಲ್ಲಿ ವಾಸವಾಗಿದ್ದರು. ಅವರನ್ನು ಒಮ್ಮೆ ಕಾಣಬೇಕೆಂಬ ಮಗಳ ಬೇಡಿಕೆಗೆ ಅಲ್ಲಿನ ಸರ್ಕಾರ ಒಪ್ಪಲಿಲ್ಲ. 1972ರಲ್ಲಿ ತಾಯಿ ತೀರಿಕೊಂಡರು, 1973ರಲ್ಲಿ ಅಕ್ಕ. ದೇಶದೇಶಗಳ ಅಧಿಪತಿಗಳು ಎದ್ದು ನಿಂತು ಬರಮಾಡಿಕೊಂಡ ಆ ಕನ್ಯಾಸ್ತ್ರೀಗೆ ಸ್ವಂತ ತಾಯಿಯ ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ.

ಆ ಬಾಗಿಲನ್ನು ಮುಚ್ಚಿದವರು ಯಾರೆಂದು ಕೇಳಿದರೆ ಬಲ್ಲವರು ಸರ್ವಾಧಿಕಾರಿ ಎನ್ವರ್ ಹೋಜಾನ ಹೆಸರನ್ನು ಹೇಳುತ್ತಾರೆ. ಸರಿ. ತೆರೆದವರು ಯಾರೆಂದು ಕೇಳಿದರೆ ರಮೀಜ್ ಅಲಿಯಾ ಎಂಬ ಉತ್ತರ ಬರುತ್ತದೆ. ಹೋಜಾನ ಉತ್ತರಾಧಿಕಾರಿಯಾಗಿ ಬಂದವರು, ಬಹುಪಕ್ಷ ಪದ್ಧತಿಗೆ ಒಪ್ಪಿದವರು, ಆದ್ದರಿಂದ ಸುಧಾರಕರು! ಅವರು 2011ರ ಅಕ್ಟೋಬರ್ 7ರಂದು ನಿಧನರಾದ ಮೇಲೆಯೂ ಈ ಬಿರುದು ಅವರನ್ನು ಬಿಟ್ಟಿಲ್ಲ. ನನ್ನ ತಕರಾರು ಇರುವುದು ಈ ಬಿರುದಿನ ಮೇಲೆ.

ಅಲಿಯಾ ಹುಟ್ಟಿದ್ದು 1925ರಲ್ಲಿ, ಷ್ಕೋದರ್ ನಗರದ ಒಂದು ಮುಸ್ಲಿಂ ಕುಟುಂಬದಲ್ಲಿ. ಉತ್ತರ ಅಲ್ಬೇನಿಯದ ಆ ನಗರವೇ ಅಲ್ಲಿನ ಕಥೋಲಿಕ ಧರ್ಮಸಭೆಯ ಹೃದಯ. ಹಿಂಸೆ ಎಲ್ಲಕ್ಕಿಂತ ಕ್ರೂರವಾಗಿ ಎರಗಿದ್ದೂ ಅಲ್ಲಿಯೇ. ಹದಿಹರೆಯದಲ್ಲೇ ಕಮ್ಯುನಿಸ್ಟ್ ಚಳವಳಿ ಸೇರಿದ ಅವರು ಮೊದಲು ಯುವಜನ ಸಂಘಟನೆಯ ನಾಯಕರಾದರು, 1961ರಲ್ಲಿ ಪಾಲಿಟ್ ಬ್ಯೂರೋ ಸದಸ್ಯರಾದರು. ಪಕ್ಷದ ಕೇಂದ್ರ ಸಮಿತಿಯ ಕಾರ್ಯದರ್ಶಿಯಾಗಿ ಅವರ ಪಾಲಿಗೆ ಬಂದ ಖಾತೆ ಯಾವುದು ಗೊತ್ತೇ? ಸಿದ್ಧಾಂತ ಮತ್ತು ಪ್ರಚಾರ. ಜನರು ಏನನ್ನು ಓದಬೇಕು, ಏನನ್ನು ನಂಬಬೇಕು, ಏನನ್ನು ಮರೆಯಬೇಕು ಎಂಬುದನ್ನು ನಿರ್ಧರಿಸುವ ಖಾತೆ.

1967ರ ಫೆಬ್ರವರಿ 6ರಂದು ಹೋಜಾ ಮಾಡಿದ ಭಾಷಣದೊಂದಿಗೆ ಧರ್ಮದ ಮೇಲಿನ ಕೊನೆಯ ದಾಳಿ ಆರಂಭವಾಯಿತು. ಕೆಲವೇ ತಿಂಗಳುಗಳಲ್ಲಿ ಚರ್ಚು, ಮಸೀದಿ, ಮಠ, ದರ್ಗಾಗಳೆಲ್ಲ ಸೇರಿ 2,169 ಪೂಜಾಸ್ಥಳಗಳು ಮುಚ್ಚಿದವೆಂಬುದು ಸಾಮಾನ್ಯವಾಗಿ ಹೇಳಲಾಗುವ ಲೆಕ್ಕ. ಷ್ಕೋದರ್‌ನ ಪ್ರಧಾನಾಲಯ ಕ್ರೀಡಾಂಗಣವಾಯಿತು. ದೇವರಿಲ್ಲವೆಂದು ಪಾಠ ಹೇಳಿಸುವ ಇಲಾಖೆ ಯಾರ ಕೈಯಲ್ಲಿತ್ತೋ ಆ ವ್ಯಕ್ತಿಗೆ ಇದರಲ್ಲಿ ಪಾತ್ರವಿರಲಿಲ್ಲವೆಂದು ನಂಬುವುದಾದರೂ ಹೇಗೆ? 1975ರಲ್ಲಿ ಧರ್ಮದ ವಾಸನೆಯುಳ್ಳ ಹೆಸರುಗಳನ್ನು ಬದಲಿಸಬೇಕೆಂಬ ಆಜ್ಞೆ ಹೊರಟಿತು. 1976ರ ಸಂವಿಧಾನದ 37ನೆಯ ವಿಧಿ, ರಾಷ್ಟ್ರವು ಯಾವ ಧರ್ಮವನ್ನೂ ಮಾನ್ಯಮಾಡುವುದಿಲ್ಲವೆಂದು ಸಾರಿತು. ಮರುವರ್ಷದ ದಂಡಸಂಹಿತೆಯಲ್ಲಿ ಧರ್ಮಪ್ರಚಾರಕ್ಕೂ ಧಾರ್ಮಿಕ ಪುಸ್ತಕ ಇಟ್ಟುಕೊಂಡದ್ದಕ್ಕೂ ಮೂರರಿಂದ ಹತ್ತು ವರ್ಷಗಳ ಸೆರೆವಾಸ.

ಇದು ಕಾಗದದ ಮೇಲಿನ ಬೆದರಿಕೆಯಾಗಿ ಉಳಿಯಲಿಲ್ಲ. ಗುರು ಷ್ತಿಯೆಫನ್ ಕುರ್ತಿಯವರು ಒಂದು ಮಗುವಿಗೆ ಗುಟ್ಟಾಗಿ ಜ್ಞಾನಸ್ನಾನ ನೀಡಿದ್ದಕ್ಕಾಗಿ 1970ರ ದಶಕದ ಆರಂಭದಲ್ಲಿ ಗುಂಡಿಗೆ ಬಲಿಯಾದರು. 2016ರ ನವೆಂಬರ್ 5ರಂದು ಷ್ಕೋದರ್‌ನಲ್ಲಿ ಧನ್ಯರೆಂದು ಘೋಷಿತರಾದ 38 ರಕ್ತಸಾಕ್ಷಿಗಳಲ್ಲಿ ಅವರೂ ಒಬ್ಬರು.

1985ರ ಏಪ್ರಿಲ್‌ನಲ್ಲಿ ಹೋಜಾ ಸತ್ತನು, ಅಲಿಯಾ ಪಕ್ಷದ ಮುಖ್ಯಸ್ಥರಾದರು. ರಾಷ್ಟ್ರದ ಮುಖ್ಯಸ್ಥರ ಪದವಿ 1982ರಿಂದಲೇ ಅವರದಾಗಿತ್ತು. ಎರಡು ಪದವಿಗಳೂ ಒಂದೇ ಕೈಯಲ್ಲಿ. ಸುಧಾರಣೆಯ ಮನಸ್ಸಿದ್ದಲ್ಲಿ ತಡೆಯುವವರು ಯಾರಿದ್ದರು? ಆದರೂ ಧರ್ಮವನ್ನು ದಂಡಿಸುವ ಕಾನೂನು ಸಡಿಲವಾದದ್ದು 1990ರ ಮೇ ತಿಂಗಳಲ್ಲಿ. ಪೂರ್ವ ಯೂರೋಪಿನ ಸಿಂಹಾಸನಗಳೆಲ್ಲ ಉರುಳಿದ ಮೇಲೆ. ಆ ಐದು ವರ್ಷಗಳ ನಡುವೆ, 1988ರ ಆಗಸ್ಟ್ 10ರಂದು, ಕವಿ ಹಾವ್ಜಿ ನೇಲಾರನ್ನು ಕುಕೆಸ್ ಪಟ್ಟಣದಲ್ಲಿ ಗಲ್ಲಿಗೇರಿಸಲಾಯಿತು. ಇದನ್ನು ಬೇಕೆಂದೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕ್ರೈಸ್ತ ಪತ್ರಿಕೆಗಳು ಅಲ್ಬೇನಿಯದ ಕಥೆ ಹೇಳುವಾಗ ನಮ್ಮ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಮಾತ್ರ ಎಣಿಸುತ್ತವೆ. ಬೀಗ ಬಿದ್ದದ್ದು ಮಸೀದಿಗಳಿಗೂ ಆರ್ಥೊಡಾಕ್ಸ್ ದೇವಾಲಯಗಳಿಗೂ ಹೌದು. ನೇಣಿಗೆ ಬಿದ್ದ ಆ ಕವಿ ನಮ್ಮವರಲ್ಲ ಎಂಬ ಕಾರಣಕ್ಕೆ ಅವರ ಸಾವು ಹಗುರವಾಗುವುದಿಲ್ಲ.

ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. 1989ರ ಡಿಸೆಂಬರ್‌ನಲ್ಲಿ ರುಮೇನಿಯದ ಚೌಷೆಸ್ಕು ತನ್ನ ಜನರ ಮೇಲೆ ಸೇನೆಯನ್ನು ಬಿಟ್ಟಂತೆ ಅಲಿಯಾ ಬಿಡಲಿಲ್ಲ. 1990ರ ಜುಲೈಯಲ್ಲಿ ಸಾವಿರಾರು ಜನರು ತಿರಾನಾದ ವಿದೇಶಿ ರಾಯಭಾರ ಕಚೇರಿಗಳಿಗೆ ನುಗ್ಗಿದಾಗ ಕೊನೆಗೆ ಅವರನ್ನು ದೇಶ ಬಿಟ್ಟು ಹೋಗಗೊಟ್ಟರು. ಡಿಸೆಂಬರ್‌ನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಾಗ ಮಣಿದರು. ಮಣಿದದ್ದು ವಿವೇಕ, ನಿಜ. ಅದನ್ನು ಔದಾರ್ಯವೆಂದು ಹಾಡಿ ಹೊಗಳಬೇಕೇ? 1991ರ ಮಾರ್ಚ್ 31ರ ಚುನಾವಣೆಯಲ್ಲಿ ತಿರಾನಾದ ಮತದಾರರು, ಹೆಚ್ಚು ಹೆಸರಿಲ್ಲದ ಒಬ್ಬ ಎಂಜಿನಿಯರನ್ನು ಗೆಲ್ಲಿಸಿ ಅವರನ್ನು ಸೋಲಿಸಿದರು. ಏಪ್ರಿಲ್ 2ರಂದು ಅವರ ಹುಟ್ಟೂರಿನಲ್ಲಿ ಪ್ರತಿಭಟನೆ ನಡೆಸುತ್ತಿದ್ದ ನಾಲ್ವರು ಗುಂಡೇಟಿಗೆ ಸತ್ತರು. ಅದೇ ತಿಂಗಳ ಕೊನೆಗೆ ಸಂಸತ್ತು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು! ಸ್ಥಾನ ಬಿಟ್ಟದ್ದು 1992ರ ಏಪ್ರಿಲ್‌ನಲ್ಲಿ, ಪಕ್ಷ ಪೂರ್ತಿ ಸೋತ ಮೇಲೆ.

ನ್ಯಾಯಾಲಯ ಅವರನ್ನು ದಂಡಿಸಲಿಲ್ಲವೇ ಎಂದು ತಾವು ಕೇಳಬಹುದು. ದಂಡಿಸಿತು, ಆದರೆ ಯಾತಕ್ಕೆ? 1994ರಲ್ಲಿ ಅಧಿಕಾರ ದುರುಪಯೋಗದ ಆರೋಪದ ಮೇಲೆ ಒಂಬತ್ತು ವರ್ಷಗಳ ಶಿಕ್ಷೆ. ಅದೂ ಕಡಿತಗೊಂಡು 1995ರಲ್ಲೇ ಬಿಡುಗಡೆ. ಹಳೆಯ ನಾಯಕರು ಸರ್ಕಾರದ ಹಣದಲ್ಲಿ ಅನುಭವಿಸಿದ ಸುಖಗಳ ಲೆಕ್ಕವನ್ನೇ ಆ ಕಾಲದ ವಿಚಾರಣೆಗಳು ಹಿಡಿದು ಕೂತದ್ದರಿಂದ ಜನರು ಅವುಗಳನ್ನು ಕಾಫಿಯ ಮೊಕದ್ದಮೆಗಳೆಂದು ಗೇಲಿಮಾಡಿದರು. ಕುಡಿದ ಕಾಫಿಗೆ ಲೆಕ್ಕ ಸಿಕ್ಕಿತು. ಗುಂಡಿಗೆ ಬಿದ್ದ ಗುರುಗಳಿಗೆ ಸಿಗಲಿಲ್ಲ. 1996ರಲ್ಲಿ ಮಾನವಕುಲದ ವಿರುದ್ಧ ಎಸಗಿದ ಅಪರಾಧಗಳ ಆಪಾದನೆಯೇನೋ ಬಂತು. ಆದರೆ 1997ರ ಮಾರ್ಚ್‌ನ ದಂಗೆಯಲ್ಲಿ ಕಾವಲುಗಾರರು ಸೆರೆಮನೆ ಬಿಟ್ಟು ಹೋದಾಗ ಅಲಿಯಾ ಹೊರನಡೆದರು. ಅದೇ ವರ್ಷ ಆಪಾದನೆಯೂ ಬಿದ್ದುಹೋಯಿತು.

ಕ್ರೈಸ್ತರಾದ ನಾವು ಕ್ಷಮಿಸಬೇಕಾದವರಲ್ಲವೇ ಎಂದು ಯಾರಾದರೂ ಕೇಳಿಯಾರು. 1989ರಲ್ಲಿ, ಅಲಿಯಾರ ಆಳ್ವಿಕೆಯಲ್ಲಿ, ಮದರ್ ತೆರೇಸಾ ಕೊನೆಗೂ ತಿರಾನಾಕ್ಕೆ ಹೋದರು. ತಾಯಿಯ ಸಮಾಧಿಯನ್ನು ಕಂಡರು, ಹೋಜಾನ ಸಮಾಧಿಗೂ ಹೂವಿಟ್ಟರು. ಅದಕ್ಕಾಗಿ ಅವರನ್ನು ಹಳಿದವರಿದ್ದಾರೆ. ನಾನು ಹಳಿಯಲಾರೆ. ನೊಂದ ಮಗಳು ಆಕೆ. ಕ್ಷಮಿಸುವ ಹಕ್ಕು ಆಕೆಯದು. 1963ರ ಕ್ರಿಸ್ತಜಯಂತಿಯ ಮುನ್ನಾದಿನ ಬಂಧಿತರಾಗಿ ದಶಕಗಳ ಕಾಲ ಸೆರೆಯನ್ನೂ ಕಠಿಣ ದುಡಿಮೆಯನ್ನೂ ಕಂಡು, 2016ರಲ್ಲಿ ಕಾರ್ಡಿನಲ್ ಆದ ಎರ್ನೆಸ್ಟ್ ಸಿಮೋನಿಯವರಿಗೂ ಆ ಹಕ್ಕಿದೆ, ಅವರು ಕ್ಷಮಿಸಿದ್ದಾರೆ ಕೂಡ. ಗುರು ಕುರ್ತಿಯವರ ಪರವಾಗಿ, ನೇಲಾರ ಪರವಾಗಿ, ಸಾವಿರಾರು ಮೈಲಿ ದೂರದಲ್ಲಿ ಸುಖವಾಗಿ ಕುಳಿತ ನಾವು ಕ್ಷಮಿಸುವುದೆಂದರೇನು? ಜಕ್ಕಾಯನ ಮನೆಗೆ ಪ್ರಭು ಹೋದರು. ಆದರೆ ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದು ಎಲ್ಲರೆದುರು ನಿಂತು ನುಡಿದನು. ನಮ್ಮ ಸುಧಾರಕರ ಕಥೆಯಲ್ಲಿ ಆ ಭಾಗವನ್ನು ಹಾರಿಸಿ ಓದಲಾಗುತ್ತಿದೆ.

ಹಾಗಾದರೆ ಬಾಗಿಲು ತೆರೆದವರು ಯಾರು? 1990ರ ನವೆಂಬರ್ 4ರಂದು ಷ್ಕೋದರ್‌ನ ಸ್ಮಶಾನಕ್ಕೆ ಗುರು ಸಿಮೋನ್ ಯುಬಾನಿ ನಡೆದು ಬಂದರು. ಸುಮಾರು 26 ವರ್ಷ ಸೆರೆಯಲ್ಲಿ ಕಳೆದು ಹಿಂದಿನ ವರ್ಷವಷ್ಟೇ ಹೊರಬಂದಿದ್ದವರು. ಚರ್ಚುಗಳು ಇನ್ನೂ ಮುಚ್ಚಿದ್ದವು. ಸಂವಿಧಾನದ 37ನೆಯ ವಿಧಿ ಇನ್ನೂ ಜಾರಿಯಲ್ಲಿತ್ತು. ಆ ಸಮಾಧಿಗಳ ನಡುವೆ ಅವರು ಬಹಿರಂಗವಾಗಿ ಬಲಿಪೂಜೆ ಅರ್ಪಿಸಿದರು. ನವೆಂಬರ್ 11ರಂದು ಅದೇ ಸ್ಥಳದಲ್ಲಿ ಮತ್ತೊಂದು ಬಲಿಪೂಜೆ, ಸಾವಿರ ಸಾವಿರ ಜನ. 16ರಂದು ಅದೇ ನಗರದ ಸೀಸದ ಮಸೀದಿಯಲ್ಲಿ ಮುಸ್ಲಿಮರು ಪ್ರಾರ್ಥನೆಗೆ ನಿಂತರು. ತಿರಾನಾದಲ್ಲಿ ಅಲಿಯಾರ ಪಕ್ಷ ಬಹುಪಕ್ಷ ಪದ್ಧತಿಗೆ ಒಪ್ಪಿಗೆಯಿತ್ತದ್ದು ಡಿಸೆಂಬರ್ 11ರಂದು.