ನನ್ನ ಪಕ್ಕದ ಚಾಪೆ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ. ಮನೆಯ ಅಜ್ಜಿ-ತಾತಂದಿರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಹೋದ ವರ್ಷ ಪುಷ್ಯಮಾಸದ ಚಳಿಯಲ್ಲಿ ಕುಣಿಗಲ್‌ನಿಂದ ಮೊಮ್ಮಗ ತುಮಕೂರಿನ ನಮ್ಮ ಮನೆಗೆ ಬಂದ. ಮೊಣಕೈ ಮಡಿಕೆಯಲ್ಲೂ ಮಂಡಿಯ ಹಿಂದೆಯೂ ಚರ್ಮ ಕೆಂಪಗೆ, ಒರಟಾಗಿತ್ತು. ರಾತ್ರಿಯೆಲ್ಲ ಪರಪರ ಕೆರೆತ. ‘ಕಜ್ಜಿ’ ಎಂದು ನಾನೇ ತೀರ್ಪು ಕೊಟ್ಟೆ. ಚಾಪೆ ಬೇರೆ, ಟವಲ್ ಬೇರೆ. ಬದನೆಕಾಯಿ, ಕಡಲೆಕಾಯಿ ನಂಜು ಅಂತ ಅವೂ ಬಂದ್. ಬೇವಿನ ಸೊಪ್ಪು ಕುದಿಸಿದ ಸುಡುನೀರಲ್ಲಿ ತಿಕ್ಕಿ ತಿಕ್ಕಿ ಸ್ನಾನ. ಅಂಗಡಿಯಿಂದ ಯಾವುದೋ ಮುಲಾಮು ತರಿಸಿದೆ. ನಾಲ್ಕೇ ದಿನದಲ್ಲಿ ಮಾಯ; ಹಚ್ಚೋದು ಬಿಟ್ಟ ಮೇಲೆ ಮೊದಲಿಗಿಂತ ಜೋರು. ಒಂದು ರಾತ್ರಿ ಮಗು ಕೇಳಿತು: “ಅಜ್ಜಿ, ನಿನ್ನ ಪಕ್ಕ ಯಾವಾಗ ಮಲಗಬಹುದು?”

ಮಾರನೇ ದಿನವೇ ಚರ್ಮದ ಡಾಕ್ಟರ ಹತ್ತಿರ ಹೋದೆವು. “ಇದು ಇಸಬು, ಎಕ್ಸಿಮಾ ಅಂತಾರಲ್ಲ, ಅದು. ಯಾರಿಗೂ ಅಂಟಲ್ಲಮ್ಮ” ಅಂದರು. ನನಗೆ ತಲೆ ಎತ್ತಲಾಗಲಿಲ್ಲ.

ಚರ್ಮ ಇಟ್ಟಿಗೆ ಗೋಡೆಯಂತೆ. ನಡುವಿನ ಗಾರೆ ಸಡಿಲವಾದರೆ ಒಳಗಿನ ತೇವ ಹೊರಗೆ ಹೋಗುತ್ತದೆ. ಹೊರಗಿನ ಧೂಳು, ಸೋಪು ಒಳನುಗ್ಗಿ ನವೆ ಎಬ್ಬಿಸುತ್ತವೆ. ಉಬ್ಬಸ, ಸೀನು ಇರುವ ಮನೆತನದಲ್ಲಿ ಇದು ಹೆಚ್ಚು. (ನಮ್ಮ ಯಜಮಾನರಿಗೆ ಉಬ್ಬಸವಿತ್ತು. ನಾನು ಬದನೆಕಾಯಿಯನ್ನು ಬೈಯುತ್ತಿದ್ದೆ!) ಪರೀಕ್ಷೆಯಿಲ್ಲದೆ ಮಕ್ಕಳ ಊಟ ಕತ್ತರಿಸಬೇಡಿ ಎಂದರು ಡಾಕ್ಟರು. ಸುಡುನೀರೂ ಬೇಡ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಮೈ ಒತ್ತಿ ಒರೆಸಿ, ತೇವ ಆರುವ ಮೊದಲೇ ವ್ಯಾಸಲಿನ್ ಹಚ್ಚಬೇಕು. ಉಗುರು ಚಿಕ್ಕದಾಗಿರಲಿ, ಬಟ್ಟೆ ಹತ್ತಿಯದಿರಲಿ. ನಾನು ತರಿಸಿದ್ದ ಮುಲಾಮಿನಲ್ಲಿ ಜೋರಾದ ಸ್ಟೀರಾಯ್ಡ್ ಇತ್ತಂತೆ. ಹೇಳೋರಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹಾಗಂತ ಹೆದರಿ ಡಾಕ್ಟರು ಬರೆದುಕೊಟ್ಟದ್ದನ್ನೂ ಬಿಡಬಾರದು. ದೊಡ್ಡವರ ತೋರುಬೆರಳಿನ ತುದಿಗೆಣ್ಣಿನಷ್ಟು ಮುಲಾಮು ಎರಡು ಅಂಗೈಯಗಲ ಜಾಗಕ್ಕೆ ಸಾಕು, ಅವರು ಹೇಳಿದಷ್ಟು ದಿನ.

ಗುಬ್ಬಿಯ ನಮ್ಮಣ್ಣನದು ಬೇರೆಯೇ ಇಸಬು. ತೋಟಕ್ಕೆ ಹೋಗಿ ಬಂದರೆ ರೆಪ್ಪೆ, ಮುಖ, ಕತ್ತು ಉರಿ. ಕಾರಣ ಬದುವಿನ ತುಂಬ ಬೆಳೆದ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಪರದೇಶಿ ಕಳೆಯಲ್ಲಿ ಪಾರ್ಥೆನಿನ್ ಎಂಬ ವಸ್ತುವಿದೆ. ಮುಟ್ಟಲೇಬೇಕಿಲ್ಲ, ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದರೂ ಒಗ್ಗದವರಿಗೆ ಸಾಕು. ಇದನ್ನು ಮೇಯಲೆಂದೇ ಮೆಕ್ಸಿಕೋದ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆ ತಿರುಗಿಸಿ ನೋಡಿದರೆ ಸಿಕ್ಕೀತು. ಆದರೆ ಬರಿಗೈಯಲ್ಲಿ ಬೇಡ, ಮಕ್ಕಳೇ. ಅಣ್ಣ ಈಗ ಹೂ ಬಿಡುವ ಮೊದಲೇ ಬೇರೆಯವರಿಂದ, ಕೈಗವಸು ಹಾಕಿಸಿ, ಕೀಳಿಸುತ್ತಾನೆ.

ಈ ಪುಷ್ಯಕ್ಕೆ ಮೊಮ್ಮಗನಿಗೆ ಮತ್ತೆ ಒಂದಿಷ್ಟು ಕೆರೆತ ಬಂತು. ಇಸಬು ಹಾಗೇ, ಹೋಗಿ ಬಂದು ಮಾಡುತ್ತದೆ. ವ್ಯಾಸಲಿನ್ ಡಬ್ಬಿ ಹಿಡಿದು ಬಂದು ನನ್ನ ಪಕ್ಕದಲ್ಲೇ ಚಾಪೆ ಹಾಸಿದ. ಬೆನ್ನು ಅವನಿಗೆ ಎಟುಕುವುದಿಲ್ಲ, ಅದು ನನ್ನ ಪಾಲಿನ ಕೆಲಸ.